ಮಳಿಗಾಲದಾಗ ಅಂಟಿಸಿದ ಬ್ರೇಸ್, ಮಾರ್ಚ್‌ನ್ಯಾಗ ತೆಗ್ಗು ಬಿದ್ದ ಹಲಗಿ

ಸಪ್ತಾಪುರ ತಂತಿ, ಧಾರವಾಡ:

ಎಲ್ಲಾರಿಗೂ ನಮಸ್ಕಾರ್ರಿ. ಎರಡು ವರ್ಷದಿಂದ ಮನಿ ಹಿತ್ತಲದಾಗ ಒಂದು ಅಕೌಸ್ಟಿಕ್ ಗಿಟಾರ್ ಕಟ್ಟಾಕತ್ತೇನಿ. ನಮ್ಮಪ್ಪ ಬಾಗಲಾ, ಚೌಕಟ್ಟು, ಕಪಾಟು ಮಾಡೋ ಮನಶ್ಯಾ. ಹಂಗಾಗಿ ಉಳಿ ಮಸಿಯೋದು, ರಂದಾ ಹೊಡಿಯೋದು ಸಣ್ಣಾಂವ ಇದ್ದಾಗಿಂದ ಕೈಗೆ ಬಂದೈತಿ. ಆದ್ರ ಗಿಟಾರಿನ ಹೊಟ್ಟಿ ಒಳಗಿನ ಕೆಲಸ ಭಾಳ ಕಾಡಾಕತ್ತೈತಿ.

ಮ್ಯಾಲಿನ ಹಲಗಿ ಸಿಟ್ಕಾ ಸ್ಪ್ರೂಸ್ ಅನ್ನೋ ಹೊರದೇಶದ ಹಗೂರ ಕಟಗಿ. ಎರಡು ಹೋಳು ಜೋಡಿಸಿ 2.8 ಮಿ.ಮೀ.ಗೆ ಇಳಿಸಿದ್ದೆ. ಕೆಳಗಿನ ಅಗಲ ಹತ್ರಹತ್ರ 400 ಮಿ.ಮೀ. ಬ್ರೇಸಿಗೆ, ಅಂದ್ರ ಆ ಹಲಗಿ ಬಾಗದಂಗ ಒಳಗಿಂದ ಅಂಟಿಸೋ ಪಟ್ಟಿಗೆ, ಗೋಕುಲ ರೋಡ್ ಕಡೆ ಗುಜರಿ ಅಂಗಡ್ಯಾಗ ಪ್ಯಾಕಿಂಗ್ ಪೆಟಗಿ ಹಲಗಿ ಸಿಕ್ತು. ಹೊರದೇಶದಿಂದ ಮಶೀನ್ ಬಂದಿದ್ದ ಪೆಟಗಿ, ಹಗೂರ ಕಟಗಿ, ಎಳಿ ಒತ್ತೊತ್ತು. ಎಕ್ಸ್ ಆಕಾರದ ಎರಡು ದೊಡ್ಡ ಬ್ರೇಸು 8 ಮಿ.ಮೀ. ಅಗಲ, 15 ಎತ್ತರ. ಬ್ರೇಸಿನ ತಳಕ್ಕ 28 ಅಡಿ ತ್ರಿಜ್ಯದ ಬಾಗು ಕೊಟ್ಟಿದ್ದೆ. ಅಂದ್ರ 400 ಮಿ.ಮೀ. ಉದ್ದಕ್ಕ ನಡುವ 2.3 ಮಿ.ಮೀ. ಉಬ್ಬಬೇಕು.

ಅಂಟಿಸಿದ್ದು ಆಗಸ್ಟ್ ಎರಡನೇ ವಾರ. ಶ್ರಾವಣದ ಜಿಟಿಜಿಟಿ ಮಳಿ ಎಂಟು ದಿವಸ ಬಿಟ್ಟಿರಲಿಲ್ಲ, ಹಗ್ಗದ ಮ್ಯಾಗಿನ ಅರಿವಿ ಮೂರು ದಿನಕ್ಕೂ ಒಣಗ್ತಿರಲಿಲ್ಲ. ಬಿಳಿ ಅಂಟು ಹಚ್ಚಿ, ಇದ್ದ ಐದಾರು ಕ್ಲಾಂಪ್ ಹಾಕಿ ಬಿಗಿದೆ. ಒಂದು ಬ್ರೇಸಿನ ಎರಡೂ ತುದಿ ಸ್ವಲ್ಪ ಎದ್ದಂಗಿದ್ವು, ಕ್ಲಾಂಪ್ ತಿರುವಿದ ಕೂಡಲೇ ಕೂತ್ವು. ಮರುದಿನ ಕೆತ್ತಾಕ ಕುಂತೆ. ಎಕ್ಸ್ ಕೂಡೋ ಜಾಗದಾಗ 15 ಉಳಿಸಿ, ಅದರ ಕೆಳಗ ಬ್ರೇಸಿನ ಬೆನ್ನು ತೆಗ್ಗಾಗಿ ಕೆತ್ತಿ 12ಕ್ಕ ಕಣಿವಿ ತೆಗೆದು, ತುದಿಗೆ 3 ಮಿ.ಮೀ. ಮಾಡಿದೆ. ಬೆರಳಿಂದ ಬಡದ್ರ ಛಲೋ ಗುಂಯ್ ಅಂತಿತ್ತು.

ಆಮ್ಯಾಲೆ ತಂಗಿ ಲಗ್ನ ಬಂತು. ಹಲಗಿ ಚಾದರದಾಗ ಸುತ್ತಿ ಕಪಾಟಿನ ಮ್ಯಾಲ ಇಟ್ಟೆ. ಮೊನ್ನೆ ಮಾರ್ಚ್ ಮೊದಲ ವಾರ ಬಿಚ್ಚಿ, ಉಕ್ಕಿನ ಪಟ್ಟಿ ಇಟ್ಟು ನೋಡಿದ್ರ ಉಬ್ಬಬೇಕಾದ ಜಾಗ 1.5 ಮಿ.ಮೀ. ತೆಗ್ಗು ಬಿದ್ದೈತಿ. ಎಡಗಡೆ ಬ್ರೇಸಿನ ಕೆಳಗಿನ ತುದಿ ಎದ್ದು, ಅದರ ಅಡಿ ವಿಜಿಟಿಂಗ್ ಕಾರ್ಡ್ ಎರಡು ಸೆಂಟಿಮೀಟರ್ ಒಳಗ ಹೋಗ್ತೈತಿ. ಬಡದ್ರ ಸತ್ತ ದನಿ. ಆ ಹೊತ್ತು ಊಟ ಸೇರಲಿಲ್ಲ.

ನಾ ಭಾಳ ಕೆತ್ತಿದ್ದಕ್ಕ ಹಿಂಗಾತೇನ್ರಿ? ಸರಿ ಮಾಡಬಹುದೋ, ಹಲಗಿ ಒಗದ ಬಿಡಬೇಕೋ? ಬದಿ ಹಲಗಿ ಬಾಗಿಸಿ ಇಟ್ಟೇನಿ, ಮ್ಯಾಲಿನ ಹಲಗಿ ಕೂಡಿಸಿ ಗಿಟಾರಿನ ಪೆಟಗಿ ಇನ್ನೂ ಮುಚ್ಚಿಲ್ಲ.

ಉಣಕಲ್ಲ ವರ್ಕ್‌ಬೆಂಚ್, ಹುಬ್ಬಳ್ಳಿ:

ಮುಚ್ಚಿಲ್ಲ ಅಂದಿರಲ್ಲ, ಅಷ್ಟು ಸಾಕು. ಹಲಗೆ ಒಗೆಯಬೇಡಿ.

ನಾನು ಕಾರ್ಖಾನೆಯಲ್ಲಿ ಅಳತೆ ತಪಾಸಣೆಯ ಕೆಲಸದವಳು. ರಜೆ ದಿನಗಳಲ್ಲಿ ಕೂತು ಈವರೆಗೆ ನಾಲ್ಕು ಗಿಟಾರ್ ಕಟ್ಟಿದ್ದೇನೆ. ನನ್ನ ಮೊದಲನೆಯದನ್ನು ಜುಲೈಯಲ್ಲಿ ಮುಚ್ಚಿದ್ದೆ. ಮುಂದಿನ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಪಕ್ಕದ ಕೋಣೆಯಿಂದ ಟಪ್ ಅಂತ ಸಪ್ಪಳ ಕೇಳಿಸಿತು. ಹೋಗಿ ನೋಡಿದರೆ ಫಿಂಗರ್‌ಬೋರ್ಡಿನ ಪಕ್ಕದಿಂದ ಸೌಂಡ್‌ಹೋಲಿನವರೆಗೆ ಕೂದಲೆಳೆಯಂಥ ಬಿರುಕು. ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಆಗಸ್ಟ್ ಅನ್ನುವ ಮಾತಿನ ಮೇಲೆ.

ಮರ ಗಾಳಿಯ ಪಸೆ ಹೀರಿಕೊಂಡು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ. ಗಾಳಿಯ ತೇವಾಂಶ 80 ಶೇಕಡಾ ಇದ್ದಾಗ ಮರದೊಳಗೆ ಸುಮಾರು 16 ಶೇಕಡಾ ನೀರು ನಿಲ್ಲುತ್ತದೆ. 35ಕ್ಕೆ ಇಳಿದರೆ ಅದು 7 ಆಗುತ್ತದೆ. ಗಿಟಾರಿಗೆ ಸೀಳಿದ ಸ್ಪ್ರೂಸ್ ಹಲಗೆ ಆ ನೀರು ಒಂದು ಶೇಕಡಾ ಕಡಿಮೆಯಾದಾಗೆಲ್ಲ ಅಡ್ಡಗಲದಲ್ಲಿ ಸುಮಾರು 0.15 ಶೇಕಡಾ ಕುಗ್ಗುತ್ತದೆ. ನಿಮ್ಮ 400 ಮಿ.ಮೀ.ಗೆ ಲೆಕ್ಕ ಹಾಕಿ, ಆಗಸ್ಟಿನಿಂದ ಮಾರ್ಚಿಗೆ ಹಲಗೆ 5 ಮಿ.ಮೀ.ಗಿಂತ ಹೆಚ್ಚು ಕಿರಿದಾಗಲು ಎಳೆದಾಡಿದೆ. ಅದರ ಬೆನ್ನಿಗೆ ಅಡ್ಡವಾಗಿ ಅಂಟಿದ ಬ್ರೇಸ್ ತನ್ನ ಉದ್ದದಲ್ಲಿ ಕುಗ್ಗುವುದಿಲ್ಲ. ಒಳಮೈ ಬಿಗಿಯಾಗಿ ನಿಂತಿತು, ಹೊರಮೈ ಕುಗ್ಗಿತು. ಹಲಗೆ ತೆಗ್ಗು ಬೀಳದೆ ಇನ್ನೇನು ಮಾಡೀತು? ಎಲ್ಲಿ ಅಂಟು ಸರಿಯಾಗಿ ಹಿಡಿದಿರಲಿಲ್ಲವೋ ಅಲ್ಲಿ ತುದಿ ಬಿಟ್ಟುಕೊಂಡಿತು.

ಕೆತ್ತಿದ್ದರಿಂದ ಆದದ್ದಲ್ಲ ಇದು. ಬ್ರೇಸ್ ಸೋತರೆ ಅದು ಗೊತ್ತಾಗುವುದು ತಂತಿ ಏರಿಸಿದ ಮೇಲೆ. ಸಾಮಾನ್ಯ ಲೈಟ್ ಗೇಜ್, ಅಂದರೆ ತೆಳುವಾದ ತಂತಿ ಆರೂ ಸೇರಿ 70 ಕೆ.ಜಿ.ಗೂ ಮೇಲೆ ಎಳೆಯುತ್ತವೆ. ನಿಮ್ಮ ಹಲಗೆಗೆ ಇನ್ನೂ ಒಂದು ತಂತಿಯೂ ಬಿದ್ದಿಲ್ಲ.

ಆದರೆ ಕೆತ್ತನೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಟ್ಟಿಯ ಬಿಗಿ ಅದರ ಅಗಲದ ಜೊತೆ ನೇರವಾಗಿ ಏರುತ್ತದೆ, ಎತ್ತರದ ಜೊತೆ ಘನವಾಗಿ ಏರುತ್ತದೆ. 15 ಇದ್ದದ್ದನ್ನು 12 ಮಾಡಿದಿರಿ, ಆ ಜಾಗದಲ್ಲಿ ಅರ್ಧ ಬಿಗಿ ಹೋಯಿತು. ಅದೇ ಅಗಲವನ್ನು 8ರಿಂದ 7ಕ್ಕೆ ಇಳಿಸಿದ್ದರೆ ಹೋಗುತ್ತಿದ್ದದ್ದು ಎಂಟರಲ್ಲಿ ಒಂದು ಪಾಲು. ಭಾರ ಇಳಿಸಬೇಕಾದರೆ ಮೊದಲು ಬದಿಗಳನ್ನು ಇಳಿಜಾರು ಮಾಡಿ, ಬೆನ್ನಿನ ಎತ್ತರಕ್ಕೆ ಕೊನೆಗೆ ಕೈ ಹಾಕಿ.

ಈಗ ಮಾರ್ಚ್ ಅಂತ ಬಿಸಿಲು ಮಧ್ಯಾಹ್ನ ಅಂಟಿಸಲು ಹೊರಡಬೇಡಿ, ಅದು ಇನ್ನೊಂದು ತುದಿ. ತೀರ ಒಣಗಿದಾಗ ಅಂಟಿಸಿದ ಹಲಗೆ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸುತ್ತದೆ. 40ರಿಂದ 45 ಶೇಕಡಾ ತೇವಾಂಶದಲ್ಲಿ ಹಲಗೆ ಮತ್ತು ಬ್ರೇಸ್ ಎರಡನ್ನೂ ನಾಲ್ಕೈದು ದಿನ ಇಟ್ಟು ಅಂಟಿಸಿ. ತೇವಾಂಶ ತೋರಿಸುವ ಗಡಿಯಾರದಂಥ ಮೀಟರ್ ಮುನ್ನೂರು–ನಾನೂರು ರೂಪಾಯಿಗೆ ಸಿಗುತ್ತದೆ. ಅದಕ್ಕಿಂತ ನನಗೆ ನಂಬಿಕೆ ಅಡುಗೆಮನೆ ತಕ್ಕಡಿ ಮೇಲೆ. ದಿನಾ ಸಂಜೆ ಹಲಗೆ ತೂಗಿ ಬರೆದಿಡಿ. ಎರಡು ದಿನ ತೂಕ ಬದಲಾಗದಿದ್ದರೆ ಮರ ಆ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ.

ಗದಗ ಪೇಟಿ ಮಾಸ್ತರ, ಗದಗ:

ನಾ ಹಾರ್ಮೋನಿಯಂ ರಿಪೇರಿ ಮಾಡಾಂವ. ಇಲ್ಲಿ ಸಂಗೀತ ಕಲಿಯೋ ಹುಡುಗೂರು ಭಾಳ ಅದಾರ, ಪೇಟಿ ಜೋಡಿ ಆಗೀಗ ಗಿಟಾರೂ ತರ್ತಾರ. ಒಂದು ಗಿಟಾರಿಗೆ ಬ್ರೇಸ್ ಮುರದಿತ್ತು, ಸಾಗವಾನಿ ಪಟ್ಟಿ ಹಾಕಿ ಕೊಟ್ಟೆ. ಆರು ವರ್ಷ ಆತು, ಇನ್ನೂ ಜಪ್ಪಂದ್ರ ಜಗ್ಗಿಲ್ಲ. ಸ್ಪ್ರೂಸ್ ಸ್ಪ್ರೂಸ್ ಅಂತ ಗುಜರಿ ಯಾಕ ಹುಡಕತೀರಿ? ನಮ್ಮ ಹಳಿಯಾಳ ಕಡೆ ಸಾಗವಾನಿ ಇರಾಕ?

ಮಳಿಗಾಲದಾಗ ನಾ ರೀಡ್ ಹಲಗಿ ಒಣಗಸಾಕ ಹಳೇ ಕಬ್ಬಿಣ ಕಪಾಟಿನ್ಯಾಗ 40 ವ್ಯಾಟಿನ ಹಳದಿ ಬಲ್ಬ್ ಹಚ್ಚಿ ಇಡ್ತೇನಿ. ಬಾಗಲಾ ಒಂದು ಬೆರಳು ತಗದಿರಬೇಕು. ಒಳಗ ಬೆಚ್ಚಗಾಗಿ ಪಸಿ ಇಳೀತೈತಿ. ಹಲಗಿ ಬಲ್ಬಿಗೆ ತಾಗಬಾರದು, ಅಷ್ಟ.

ಉಣಕಲ್ಲ ವರ್ಕ್‌ಬೆಂಚ್, ಹುಬ್ಬಳ್ಳಿ:

ಮಾಸ್ತರರೇ, ಬಲ್ಬಿನ ಕಪಾಟು ನಾನೂ ಮಾಡುತ್ತೇನೆ, ಅದು ಖರೇ ಉಪಯೋಗ. ಸಾಗವಾನಿ ಮುರಿಯುವುದಿಲ್ಲ ಅನ್ನುವುದೂ ಖರೇ. ಆದರೆ ಒಂದು ಘನ ಮೀಟರ್ ಸಾಗವಾನಿ ಸುಮಾರು 650 ಕೆ.ಜಿ. ತೂಗುತ್ತದೆ, ಸ್ಪ್ರೂಸ್ 400–450. ಉದ್ದಕ್ಕೆ ಬಾಗದೆ ನಿಲ್ಲುವ ಬಿಗಿ ಎರಡರದ್ದೂ ಹತ್ತಿರಹತ್ತಿರ. ಅಂದರೆ ಸಾಗವಾನಿ ಹಾಕಿದರೆ ಅದೇ ಬಿಗಿಗೆ ಒಂದೂವರೆ ಪಟ್ಟು ಭಾರ ಹೊರಿಸಿದ ಹಾಗೆ. ಮಿಡಿದ ತಂತಿಯ ಬಲ ಬಹಳ ಸಣ್ಣದು, ಅದು ಈ ಭಾರವನ್ನೆಲ್ಲ ಅಲುಗಿಸಬೇಕು. ದನಿ ಅಲ್ಲಿ ಸೋರುತ್ತದೆ.

ಸಪ್ತಾಪುರದವರು ತೆಗೆದ ಕಣಿವೆಯ ಬಗ್ಗೆಯೂ ಇದೇ ಲೆಕ್ಕ. ಎಕ್ಸ್ ಬ್ರೇಸಿನ ಗಿಟಾರನ್ನು ಅಮೆರಿಕದ ಮಾರ್ಟಿನ್ ಕಂಪನಿ 1840ರ ದಶಕದಲ್ಲೇ ಮಾಡಿತ್ತು. ಆಗ ಇದ್ದದ್ದು ಕರುಳಿನ ತಂತಿ, ಎಳೆತ ಕಡಿಮೆ. ಉಕ್ಕಿನ ತಂತಿ ಬಂದ ಮೇಲೂ ಕಣಿವೆ ಕೆತ್ತುತ್ತಿದ್ದರು. ಜನ ದಪ್ಪ ದಪ್ಪ ತಂತಿ ಹಾಕತೊಡಗಿದಾಗ, 1944ರಲ್ಲಿ, ಅವರೇ ಅದನ್ನು ನಿಲ್ಲಿಸಿದರು. ಬಹಳ ವರ್ಷಗಳ ನಂತರ ಕೆಲವು ಮಾದರಿಗಳಿಗೆ ಮತ್ತೆ ತಂದರು. ಹಾಗಾಗಿ ಕಣಿವೆ ಕೆತ್ತುವುದು ತಪ್ಪಲ್ಲ. ಯಾವ ತಂತಿ ಹಾಕುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಉಳಿ ಹಿಡಿಯಿರಿ.

ಮಾಳಮಡ್ಡಿ ಸಿತಾರ, ಧಾರವಾಡ:

ತಮ್ಮಾ ಸಪ್ತಾಪುರ, ಹುಬ್ಬಳ್ಳಿ ಅಕ್ಕಾರು ಹವಾದ ಮಾತು ಅಗದಿ ಬರೋಬ್ಬರಿ ಹೇಳ್ಯಾರ. ನಾ ಅದರಾಗ ಕೈ ಹಾಕಂಗಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ನೀ ಬರದ ಇನ್ನೊಂದು ಮಾತು. "ತುದಿ ಎದ್ದಂಗಿದ್ವು, ಕ್ಲಾಂಪ್ ತಿರುವಿದ ಕೂಡಲೇ ಕೂತ್ವು" ಅಂದಿ. ಅವು ಕೂತಿಲ್ಲ ತಮ್ಮಾ, ನೀ ಕುಂಡ್ರಿಸೀದಿ. ಒತ್ತಾಯಕ್ಕ ಕೂತದ್ದು ಏಳಾಕ ದಾರಿ ನೋಡ್ತಿರ್ತೈತಿ. ಎದ್ದದ್ದು ಅದ ತುದಿ ಹೌದಲ್ಲೋ?

ನಾನು ಮಿರಜದಾಗ ಕೆಲಸಾ ಕಲತಾಂವ. ಸಿತಾರ, ತಂಬೂರಿಗೆ ತಬಲಿ, ಅಂದ್ರ ಮ್ಯಾಲೆ ಮುಚ್ಚೋ ಹಲಗಿ, ಕುಂಡ್ರಸೋದು, ಜವಾರಿ ತಗಿಯೋದು, ಅಂದ್ರ ತಂತಿ ಕೂಡೋ ಕುದರಿ ಮೈ ತಿದ್ದಿ ದನಿ ತರೋದು, ನಮ್ಮ ಕೆಲಸ. ತಂಬೂರಿ ತಬಲಿ ದಪ್ಪ ಇರ್ತೈತಿ, ಉಬ್ಬಿನ ಮ್ಯಾಲ ನಿಲ್ತೈತಿ, ಒಳಗ ಇಷ್ಟೊಂದು ಪಟ್ಟಿ ಬೇಕಾಗಂಗಿಲ್ಲ. ಗಿಟಾರಿಂದು ಹಂಗಲ್ಲ. ಮೂರು ಮಿ.ಮೀ. ಸೈತ ಇಲ್ಲದ ಹಲಗಿ, ಅದರ ಮ್ಯಾಲ ಆಳು ತೂಕದ ಎಳೆತ. ನಮ್ಮ ಮಾಳಿಗಿ ಮನಿ ನೋಡು. ಮ್ಯಾಲ ಮಣ್ಣಿನ ಭಾರ ಇದ್ರೂ ತೊಲಿ ಜಂತಿ ತಡಕೊಂಡು ನೂರು ವರ್ಷ ನಿಲ್ತಾವು. ಅದ ಜಂತಿ ಗ್ವಾಡಿ ಒಳಗ ಸರೀ ಊರಿರಲಿಲ್ಲಂದ್ರ ಎಷ್ಟು ದಪ್ಪ ಇದ್ದು ಏನು ಉಪಯೋಗ? ಗಿಟಾರಿನ ಬ್ರೇಸಿಗೆ ಹಲಗಿನ ಗ್ವಾಡಿ. ಕೂಡೋದು ಮೊದಲು, ಕೆತ್ತೋದು ಆಮ್ಯಾಲೆ.

ಹೆಂಗ ಕುಂಡ್ರಸೋದು ಅಂತ ಹೇಳ್ತೇನಿ, ಸಾವಕಾಶ ಓದು.

ಬಾಗಿನ ಅಚ್ಚು ಐತೆಲ್ಲಾ, ಹಲಗಿ ಇಡೋ ತೆಗ್ಗಿನ ಅಚ್ಚು, ಅದಕ್ಕ ಪಾಲಿಶ್ ಕಾಗದ ಅಂಟಿಸು. ಬ್ರೇಸಿನ ಅಡಿಗೆ ಉದ್ದಕ್ಕೂ ಸೀಮಿಸುಣ್ಣ ಬಳಿ. ಅಚ್ಚಿನ ಮ್ಯಾಲ ಬ್ರೇಸ್ ಅದರ ಜಾಗದಾಗ ಇಟ್ಟು, ಎರಡು ಬೆರಳಿಂದ ನೆಟ್ಟಗ ಹಿಡದು, ಬರೇ ಒಂದು ಗೇಣು ಹಿಂದ ಮುಂದ ಎಳಿ. ಒತ್ತಬ್ಯಾಡ. ಒತ್ತಿದ್ರ ನಡುವ ಬಾಗಿ ಸುಳ್ಳು ಹೇಳ್ತೈತಿ. ಎತ್ತಿ ನೋಡು, ಸುಣ್ಣ ಎಲ್ಲಿ ಹೋಗೇತಿ ಅಲ್ಲಿ ತಾಗೇತಿ, ಎಲ್ಲಿ ಉಳದೈತಿ ಅಲ್ಲಿ ತೆಗ್ಗು. ಅಡಿತುಂಬ ಸುಣ್ಣ ಒಂದ ಸಲಕ್ಕ ಅಳಿಸೋತನಾ ಮಾಡು. ನಡುವ ಒಂದ ಕಡೆ ಅಳಿಸಿ ತುದಿಗೆ ಉಳಿತಂದ್ರ ಬಾಗು ಹೆಚ್ಚಾಗೇತಿ, ನಿಂದು ಆಗಿದ್ದು ಅದ. ಆಮ್ಯಾಲೆ ಕ್ವಾಣಿ ಕತ್ತಲಿ ಮಾಡು. ಹಲಗಿ ಅಚ್ಚಿನ್ಯಾಗ ಇಟ್ಟು, ಮ್ಯಾಲ ಬ್ರೇಸ್ ಒಣಾದ ಇಟ್ಟು, ಹಿಂದ ಮೊಬೈಲ್ ಬ್ಯಾಟರಿ ಹಿಡಿ. ಬ್ರೇಸಿನ ಬುಡಕ್ಕ ಕಣ್ಣು ತಾ. ಬೆಳಕು ಕೂದಲಷ್ಟೂ ಸೋರಬಾರದು. ಸೋರಿದ್ರ ಮತ್ತ ಸುಣ್ಣ. ಇದಕ್ಕ ಒಂದು ಬ್ರೇಸಿಗೆ ನನಗ ಇವತ್ತಿಗೂ ಮುಕ್ಕಾಲು ತಾಸು ಹಿಡೀತೈತಿ.

ಎಕ್ಸ್ ಕೂಡೋ ಕಡೆ ಒಂದರಾಗ ಒಂದು ಕೂಡಾಕ ಎರಡೂ ಬ್ರೇಸಿಗೆ ಅರ್ಧ ಅರ್ಧ ಗಾಡಿ, ಅಂದ್ರ ಕಚ್ಚು, ಹೊಡದಿರ್ತಿ. ಅದು ಕೈಯಿಂದ ಒತ್ತಿದ್ರ ಕೂಡಬೇಕು. ಸುತ್ತಿಗಿ ಬೇಡಿದ್ರ ಬಿಗಿ ಹೆಚ್ಚು, ಎತ್ತಿದ್ರ ತಾನಾಗಿ ಬಿದ್ರ ಸಡ್ಲು. ಎರಡರಾಗ ಒಂದು ಬ್ರೇಸಿನ ಗಾಡಿ ಪೆಟಗಿ ಒಳಮುಖಕ್ಕ ತೆರಕೊಂಡಿರ್ತೈತಿ. ಅಲ್ಲಿ ಆ ಬ್ರೇಸಿನ ಬೆನ್ನೆಲುಬು ಕಡದಂಗ. ಅದರ ಮ್ಯಾಲ ಸ್ಪ್ರೂಸಿನ ಸಣ್ಣ ತುಂಡು, ಎಳಿ ಬ್ರೇಸಿನ ಎಳಿಗೆ ಕೂಡೋವಂಗ ಇಟ್ಟು ಅಂಟಸಲೇಬೇಕು. ಹಳೇ ಮಂದಿ ಅಂಟು ಕುಡಿಸಿದ ಅರಿವಿ ಸುತ್ತತಿದ್ರು. ನೀ ಬರದಿದ್ರಾಗ ಇದರ ಸುದ್ದಿನ ಇಲ್ಲ, ಹಾಕೀದಿಲ್ಲೋ?

ಕ್ಲಾಂಪ್ ಬಿಡು. ಮೇದಾರರ ಕಡೆ ಹೋಗಿ ಬಲತ ಬಿದಿರಿನ ದಬ್ಬಿ ಮಾಡಿಸಿಕೊಂಡು ಬಾ, ಬೆರಳ ಅಗಲ, ನಾಲ್ಕೈದು ಮಿ.ಮೀ. ದಪ್ಪ. ಟೇಬಲ್ಲಿಗೆ ನಾಲ್ಕು ಕಾಲು ನಿಲ್ಲಿಸಿ ಮ್ಯಾಲ ಒಂದು ಗಟ್ಟಿ ಹಲಗಿ ಬಡಿ. ದಬ್ಬಿ ಆ ಎತ್ತರಕ್ಕಿಂತ ಎರಡು ಬೆರಳು ಉದ್ದ ಇರಬೇಕು. ಬಾಗಿಸಿ ಬ್ರೇಸಿನ ಬೆನ್ನಿಗೂ ಮ್ಯಾಲಿನ ಹಲಗಿಗೂ ನಡುವ ತುರುಕು. ನಾಲ್ಕು ಬೆರಳಿಗೊಂದು ದಬ್ಬಿ. ಉದ್ದಕ್ಕೂ ಒಂದ ಸಮ ಒತ್ತತಾವು, ಕ್ಲಾಂಪಿನಂಗ ಒಂದ ಕಡೆ ಕಚ್ಚಂಗಿಲ್ಲ. ಹೊರಗ ಬಂದ ಅಂಟು ಹತ್ತು ನಿಮಿಷ ಬಿಟ್ಟು, ಸ್ವಲ್ಪ ಬಿಗ್ಯಾದ ಮ್ಯಾಲ, ಕೋಲ್ಡ್ರಿಂಕ್ ಕುಡಿಯೋ ನಳಗಿ ತುದಿ ಓರೆ ಕತ್ತರಿಸಿ ಅದರಾಗ ತುಂಬಿಸಿ ತಗಿ.

ಇನ್ನ ಆ ಪೆಟಗಿ ಕಟಗಿ. ಗರಗಸದಾಗ ಕೊಯ್ದಿದ್ದಿ ಹೌದಲ್ಲೋ? ಒಂದು ತುಂಡು ತಗೊಂಡು ಉಳಿ ಇಟ್ಟು ಹೊಡದು ಸೀಳಿ ನೋಡು. ಸೀಳು ನೆಟ್ಟಗ ತುದಿತನಾ ಹೋದ್ರ ಛಲೋ ಕಟಗಿ. ಓರೆ ಹೋಗಿ ಬದಿಗೆ ಹೊರಬಿದ್ರ ಎಳಿ ಓರೆ ಐತಿ. ಅಂಥಾದ್ದು ಕಣಿವಿ ತೆಗೆದ ಜಾಗದಾಗ ಒಂದಿವಸ ಚಿಟ್ಟನ ಸೀಳ್ತೈತಿ. ಸೀಳಿ ತಗದ ಪಟ್ಟಿನ ಬ್ರೇಸಿಗೆ ಹಾಕು. ವರ್ಷದ ಗೆರಿ ಹಲಗಿಗೆ ನೆಟ್ಟಗ ನಿಂತಿರಬೇಕು, ಮಲಗಿರಬಾರದು.

ಹಳೇ ಬ್ರೇಸ್ ಎಬ್ಬಸಾಕ ಹೋಗಬ್ಯಾಡ, ಹಲಗಿ ಹರೀತೈತಿ. ಸಣ್ಣ ರಂದಾ, ಉಳಿಯಿಂದ ಕೆತ್ತಿ ಕೆತ್ತಿ 1 ಮಿ.ಮೀ.ಗೆ ತಾ. ಆಮ್ಯಾಲೆ ಹಸಿ ಅರಿವಿ ಇಟ್ಟು ಇಸ್ತ್ರಿ ಪೆಟಗಿ ಬಿಸಿ ತೋರಿಸು, ಅಂಟು ಮೆತ್ತಗಾಗ್ತೈತಿ, ಮೊಂಡ ಚಾಕು ತೂರಿಸಿ ಹಲಗಿ ಎಳಿಗುಂಟ ಎಬ್ಬಿಸು. ಅಂಟಿನ ಪೊರಿ ಒಂದು ಕಾಳೂ ಉಳೀಬಾರದು, ಒಣಗಿದ ಅಂಟಿನ ಮ್ಯಾಲ ಹೊಸಾ ಅಂಟು ಹಿಡಿಯಂಗಿಲ್ಲ. ಹಲಗಿ ನೀರು ಕುಡದಿರ್ತೈತಿ, ಎರಡೂ ಮಗ್ಗಲ ಗಾಳಿ ಆಡೋವಂಗ ಕಡ್ಡಿ ಇಟ್ಟು ಭಾರ ಹೇರಿ ಒಂದು ವಾರ ಬಿಡು.

ಕೆತ್ತೋದು ಜವಾರಿ ತಗದಂಗ. ಜವಾರಿಗೆ ಕಾನಸು ಎಳಿಯೋವಾಗ ನಾವು ಎರಡು ಸಲ ಎಳದು ತಂತಿ ಕೇಳ್ತೇವಿ, ಮತ್ತ ಎರಡು ಸಲ ಎಳದು ಕೇಳ್ತೇವಿ. ಹೆಚ್ಚು ಎಳದ್ರ ದನಿ ಬರೇ ಝಣ್ ಅಂತೈತಿ, ತಿರುಗಿ ತರಾಕ ಬರಂಗಿಲ್ಲ. ಹಲಗಿ ಮ್ಯಾಲಿನ ತುದಿ ಹತ್ರ ಎರಡು ಬೆರಳಿನ್ಯಾಗ ಹಿಡದು, ಬ್ರಿಜ್, ಅಂದ್ರ ತಂತಿ ಕಟ್ಟೋ ಪಟ್ಟಿ, ಬರೋ ಜಾಗದಾಗ ಬೆರಳ ಮೆತ್ತಿಂದ ಬಡಿ. ಬ್ರೇಸ್ ಪೂರಾ ಇದ್ದಾಗ ಟಕ್ ಅಂತ ಗಿಡ್ಡ ದನಿ. ಬದಿ ಇಳಸ್ಕೋತ ಹೋದಂಗ ದನಿ ಕೆಳಗ ಇಳೀತೈತಿ, ಉದ್ದಾಗತೈತಿ. ಒಂದು ಹಂತದಾಗ ಬಡದ ಕೈಗೂ ಹಿಡದ ಬೆರಳಿಗೂ ಆ ದನಿ ತಾಗ್ತೈತಿ. ಅಲ್ಲಿ ಉಳಿ ಕೆಳಗ ಇಡು, ಚಹಾ ಕುಡಿ, ಮರುದಿನ ಮತ್ತ ಕೇಳು.

ಗದಗ ಪೇಟಿ ಮಾಸ್ತರ, ಗದಗ:

ಸಾಗವಾನಿ ಮಾತು ಒಪ್ಪಿದೆ ಅಕ್ಕಾರ. ಆ ಗಿಟಾರ್ ದನಿ ಸ್ವಲ್ಪ ಗಿಡ್ಡ ಬರ್ತೈತಿ ಅಂತ ಹುಡುಗ ಹೇಳಿದ್ದು ಈಗ ನೆನಪಾತು. ಸೀಳಿ ನೋಡೋ ಮಾತು ನನಗೂ ಹೊಸಾದು, ನಾಳೆ ನನ್ನ ಕಡೆ ಇರೋ ಕಟಗಿ ಎಲ್ಲಾ ನೋಡ್ತೇನಿ.

ಸಪ್ತಾಪುರ ತಂತಿ, ಧಾರವಾಡ:

ಅಕ್ಕಾರ, ಕಾಕಾರ, ಮಾಸ್ತರ, ತಡಾ ಮಾಡಿ ಬರಿಯಾಕತ್ತೇನಿ, ಮಾಡಿ ನೋಡಿ ಬರೀಬೇಕಂತ ಇಷ್ಟ ದಿನ ತಡದೆ.

ಪೆಟಗಿ ಹಲಗಿ ಐದು ತುಂಡು ಸೀಳಿದೆ. ಮೂರರಾಗ ಸೀಳು ಒಂದು ಗೇಣಿನೊಳಗ ಬದಿಗೆ ಹೊರಬಿತ್ತು. ಎಡಗಡೆ ಎದ್ದಿದ್ದ ಬ್ರೇಸ್ ಅದ ಹಲಗಿದಾಗಿಂದ ತಗದಿದ್ದು. ಉಳದ ಎರಡು ತುಂಡು ತುದಿತನಾ ನೆಟ್ಟಗ ಸೀಳಿದ್ವು, ಅವನ್ನ ಬ್ರೇಸ್ ಮಾಡೇನಿ. ಗಾಡಿ ಮ್ಯಾಲ ತುಂಡು ಹಾಕಿರಲಿಲ್ಲ ಕಾಕಾರ, ಅದು ಬೇಕು ಅನ್ನೋದ ನನಗ ಗೊತ್ತಿರಲಿಲ್ಲ.

ಹಳೇ ಬ್ರೇಸ್ ಕೆತ್ತಿ ತಗದೆ. ತಳದಾಗ ನೋಡಿದ್ರ ಎದ್ದ ತುದಿಯಿಂದ ನಾಲ್ಕು ಬೆರಳು ಒಳಗಿನತನಾ ಅಂಟು ಹಲಗಿಗೆ ತಾಗೇ ಇಲ್ಲ, ಬ್ರೇಸಿನ ಅಡಿಗೆ ಹೊಳಿಯೋ ಪೊರಿಯಂಗ ಒಣಗಿ ಕೂತಿತ್ತು. ಕ್ಲಾಂಪ್ ಬಿಚ್ಚಿದ ದಿವಸನ ಅದು ಬಿಟ್ಟಿತ್ತು ಅನ್ನಸ್ತೈತಿ. ಬ್ರೇಸ್ ಹೋದ ಮ್ಯಾಲ ಹಲಗಿ ಎರಡ ದಿನದಾಗ ತಾನಾಗಿ ಸಪಾಟ ಆತು. ಕೈಯಾಗ ಹಿಡಕೊಂಡು ಭಾಳ ಹೊತ್ತು ನೋಡ್ಕೋತ ಕುಂತಿದ್ದೆ.

ಮೀಟರ್ ತಂದೆ. ಮಧ್ಯಾಹ್ನ ಮೂರಕ್ಕ ನಮ್ಮ ಹಿತ್ತಲದಾಗ 24 ತೋರಸ್ತಿತ್ತು. ಕಪಾಟಿನ ಕೆಳಗ ಬಾಗಲಾ ಮುಚ್ಚಿ ನೀರಿನ ಬಟ್ಟಲಕ್ಕ ಹಸಿ ಅರಿವಿ ಇಳಿಬಿಟ್ಟೆ, 43ಕ್ಕ ಬಂದು ನಿಂತ್ತು. ಹಲಗಿ ಮೊದಲನೇ ದಿನ 196 ಗ್ರಾಂ, ಐದನೇ ದಿನ 200. ಆರನೇ ದಿನವೂ 200. ಆ ಸಂಜಿನ ಅಂಟಿಸಿದೆ. ಅವ್ವ ಅಡಗಿ ತಕ್ಕಡಿ ಕೇಳಿದ್ರ ಕೊಡ್ತಿರಲಿಲ್ಲ, ಈಗ ತಾನ ಬಂದು ಇವತ್ತೆಷ್ಟು ತೂಕ ಅಂತ ಕೇಳ್ತಾಳ.

ಮೇದಾರರ ಅಜ್ಜಾರು ಇಪ್ಪತ್ತೆಂಟು ದಬ್ಬಿ ಸೀಳಿ ಕೊಟ್ರು. ಸುಣ್ಣದ ಕೆಲಸಕ್ಕ ಮೊದಲನೇ ಬ್ರೇಸಿಗೆ ಎರಡು ತಾಸು ಹೋತು, ಎರಡನೇದಕ್ಕ ಒಂದು ತಾಸು. ಬ್ಯಾಟರಿ ಹಿಡದು ನೋಡಿದಾಗ ಬೆಳಕು ಬರಲಿಲ್ಲ. ನಿನ್ನೆ ದಬ್ಬಿ ತಗದು ಉಕ್ಕಿನ ಪಟ್ಟಿ ಇಟ್ಟೆ, ನಡುವ 2.2 ಮಿ.ಮೀ. ಉಬ್ಬೈತಿ. ಗಾಡಿ ಮ್ಯಾಲಿನ ತುಂಡೂ ಕೂಡೇತಿ. ತಂತಿ ಲೈಟ್ ಗೇಜ್ ಅಂತ ಗಟ್ಟಿ ಮಾಡೇನಿ ಅಕ್ಕಾರ.

ಇನ್ನೂ ಉಳಿ ಮುಟ್ಟಿಸಿಲ್ಲ. ಬಡದ್ರ ಟಕ್ ಅಂತ ಗಿಡ್ಡ ದನಿ, ಕಾಕಾರು ಹೇಳಿದಂಗ. ಕಾಕಾರ, ನಿಮಗ ತ್ರಾಸ ಇಲ್ಲಂದ್ರ ಬರೋ ಐತವಾರ ಹಲಗಿ, ಉಳಿ ತಗೊಂಡು ಮಾಳಮಡ್ಡಿಗೆ ಬರ್ತೇನಿ. ಕೆತ್ತೋದು ನಾನ ಮಾಡ್ತೇನಿ, ಎಲ್ಲಿ ನಿಲ್ಲಿಸಬೇಕು ಅಂತ ನಿಮ್ಮ ಕಿವಿ ಹೇಳಲಿ.

ಮಾಳಮಡ್ಡಿ ಸಿತಾರ, ಧಾರವಾಡ:

ಬಾ ತಮ್ಮಾ. ಮುಂಜಾನೆ ಎಂಟಕ್ಕ ಬಾ, ಸಂತಿ ಗದ್ದಲ ಸುರು ಆಗೋಕಿಂತ ಮೊದಲು ಓಣಿ ಸುಮ್ಮನಿರ್ತೈತಿ, ಬಡದದ್ದು ಕೇಳಸ್ತೈತಿ. ಹಲಗಿ ಚಾದರದಾಗ ಸುತ್ತಿ, ಬಿಸಿಲಿಗೆ ಹಿಡೀದಂಗ ತಾ.